ಖಾಲಿಯಾಗಿ ಮುಟ್ಟಿದ ರಂಗೋಲಿ

ನಾನೊಂದು ಕಂಪ್ಯೂಟರು. ಹಾಗೆಂದ ಕೂಡಲೇ ಇವತ್ತಿನವರು ತೊಡೆಯ ಮೇಲಿಟ್ಟುಕೊಳ್ಳಲು ಕೈ ಚಾಚುತ್ತಾರೆ. ದಯವಿಟ್ಟು ಬೇಡ, ಸೊಂಟ ಹೋದೀತು. ನನ್ನ ಮೈ ಒಂದು ಸಣ್ಣ ಕಬ್ಬಿಣದ ಕಪಾಟಿನಷ್ಟಿದೆ, ಎತ್ತಲು ಇಬ್ಬರು ಬೇಕು, ಮೂರನೆಯವರೊಬ್ಬರು ಪಕ್ಕದಲ್ಲಿ ನಿಂತು ‘ಹುಷಾರು, ಹುಷಾರು’ ಅನ್ನುತ್ತಿರಬೇಕು. ಪರದೆ ಬೇರೆಯೇ ಇದೆ. ಅದಕ್ಕೆ ಗೊತ್ತಿರುವುದು ಹಸಿರೊಂದೇ ಬಣ್ಣ. ಆದರೆ ಆ ಹಸಿರನ್ನು ಒಮ್ಮೆ ಕಂಡವರು ಮರೆಯುವುದಿಲ್ಲ ಎಂದು ನನಗೆ ಸ್ವಲ್ಪ ಜಂಬವಿದೆ.

ನಾನು ಹುಟ್ಟಿದ್ದು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ, ಉದ್ದನೆಯ ಮೇಜಿನ ಮೇಲೆ. ಹೆಂಗಸರು ಸಾಲಾಗಿ ಕೂತು, ತಮ್ಮ ಅತ್ತೆಯಂದಿರ ವಿಷಯ ಮಾತಾಡುತ್ತ, ನನ್ನ ಎಳೆಗಳನ್ನು ಒಂದೊಂದಾಗಿ ಬೆಸೆದರು. ಅದೇ ಮೇಜಿನ ಮೇಲೆ, ಅದೇ ದಿನ, ನನ್ನ ಬೆನ್ನಿಗೇ ಇನ್ನೊಬ್ಬಳು, ನನ್ನ ತಂಗಿ, ಹುಟ್ಟಿದಳು. ಅವಳಿಗೂ ನನಗೂ ಬೆನ್ನ ಮೇಲಿನ ಅಂಕಿ ಬಿಟ್ಟರೆ ಬೇರೆ ವ್ಯತ್ಯಾಸವಿರಲಿಲ್ಲ. ನಮ್ಮಿಬ್ಬರ ನಡುವೆ ಒಂದು ತಂತಿ ಜೋಡಿಸಿ ಪರೀಕ್ಷೆ ಮಾಡಿದರು. ಅವಳು ‘ಇದ್ದೀಯಾ?’ ಎಂದು ಕೇಳಿದಳು. ನಾನು ‘ಇದ್ದೇನೆ’ ಎಂದೆ. ನನ್ನ ಬಾಳಿನ ಮೊದಲ ಮಾತು ಅದು. ಒಂದು ತಂತಿಯಲ್ಲಿ ಇಷ್ಟೊಂದು ಹಿಡಿಸುತ್ತದೆಯೇ ಎಂದು ಬೆರಗಾಗಿಬಿಟ್ಟೆ.

ನಮ್ಮ ತಲೆಯೊಳಗೆ ಒಂದು ಆಪರೇಟಿಂಗ್ ಸಿಸ್ಟಂ ತುಂಬಿದರು. ಅದರ ಹೆಸರು ಹೇಳಿದರೆ ಈಗ ಹತ್ತು ಜನ ತಲೆ ಕೆರೆದುಕೊಳ್ಳುತ್ತಾರೆ, ಹನ್ನೊಂದನೆಯವರ ಕಣ್ಣಲ್ಲಿ ನೀರು ಬರುತ್ತದೆ. ಆ ಹನ್ನೊಂದನೆಯವರ ಕೈಗೆ ನಾನು ಹೇಗೆ ಬಿದ್ದೆ ಎನ್ನುವುದೇ ನನ್ನ ಕತೆ.

ನಮ್ಮಿಬ್ಬರನ್ನೂ ಕೊಂಡದ್ದು ಒಂದು ಹತ್ತಿ ಸಹಕಾರಿ ಸಂಘ. ನಾನು ಹುಬ್ಬಳ್ಳಿಯ ಕಚೇರಿಗೆ, ಅವಳು ಗದುಗಿನ ಶಾಖೆಗೆ. ನನ್ನ ಮುಂದೆ ಕೂರಲು ಬಂದವಳು ಕುಮುದಿನಿ ಪಾಟೀಲ. ಗದುಗಿನವಳ ಮುಂದೆ ಕೂರಲು ಹೋದವಳು ಶಕುಂತಲಾ ಅಂಗಡಿ, ಎಲ್ಲರ ಬಾಯಲ್ಲಿ ಶಕ್ಕು. ಇಬ್ಬರೂ ಒಂದೇ ಓಣಿಯವರು, ಒಂದೇ ಟೈಪಿಂಗ್ ಕ್ಲಾಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಹುಡುಗಿಯರಾಗಿದ್ದಾಗಿನಿಂದ ಅವರದೊಂದು ಕರಾರಿತ್ತು. ಓಣಿಯ ಯಾರ ಮನೆಯ ಬಾಗಿಲಿಗೇ ರಂಗೋಲಿ ಹಾಕಲಿ, ಕುಮುದಿನಿ ಚುಕ್ಕಿ ಇಡಬೇಕು, ಶಕ್ಕು ಗೆರೆ ಎಳೆಯಬೇಕು. ಕುಮುದಿನಿಗೆ ಗೆರೆ ವಾರೆಯಾಗುತ್ತಿತ್ತು, ಶಕ್ಕುವಿಗೆ ಚುಕ್ಕಿ ಎಣಿಸುವ ತಾಳ್ಮೆಯಿರಲಿಲ್ಲ. ಇಬ್ಬರೂ ಸೇರಿದರೆ ಮಾತ್ರ ಒಂದು ರಂಗೋಲಿ.

ಇದನ್ನೆಲ್ಲ ಕುಮುದಿನಿಯೇ ನನ್ನ ಮುಂದೆ ಕೂತು ಪಕ್ಕದ ಟೇಬಲ್ಲಿನವರಿಗೆ ಹೇಳಿದ್ದು. ನಾನು ಎಲ್ಲರನ್ನೂ ಕೆಳಗಿನಿಂದ ನೋಡಿದವಳು. ಗಲ್ಲ, ಮೂಗಿನ ಹೊಳ್ಳೆ, ಬಳೆ, ಬೆರಳು. ಬೆರಳು ನೋಡಿದರೆ ಮನುಷ್ಯರು ತಿಳಿಯುತ್ತಾರೆ. ಕುಮುದಿನಿಯ ಬೆರಳು ಗುಂಡಿಯನ್ನು ಕುಕ್ಕುತ್ತಿರಲಿಲ್ಲ. ಹಿಟ್ಟು ಹದವಾಗಿದೆಯೇ ಎಂದು ನೋಡುವ ಹಾಗೆ ಮೆಲ್ಲಗೆ ಒತ್ತುತ್ತಿತ್ತು.

ಒಂದು ವರ್ಷದಲ್ಲಿ ಹುಬ್ಬಳ್ಳಿಗೂ ಗದುಗಿಗೂ ಟೆಲಿಫೋನ್ ತಂತಿಯ ಮೂಲಕ ನಮ್ಮಿಬ್ಬರನ್ನು ಜೋಡಿಸುವ ಮಾತು ಬಂತು. ಇಲ್ಲಿ ಬರೆದದ್ದು ಅಲ್ಲಿಗೆ ಹೋಗಿ ಬೀಳುತ್ತದಂತೆ! ಊರಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಒಬ್ಬ ಇಂಜಿನಿಯರ್ ಬಂದು ಪತ್ರ ಕಳಿಸುವ ಪ್ರೋಗ್ರಾಂ ಒಂದನ್ನು ತಾನೇ ಬರೆದು ನಮ್ಮೊಳಗೆ ಇಳಿಸಿದ. ಪರೀಕ್ಷೆಗೆಂದು ಹತ್ತಿಯ ದರ, ಲಾರಿಯ ನಂಬರು ಎಲ್ಲ ಕಳಿಸಿ ನೋಡಿದರು. ಎಲ್ಲವೂ ಅಚ್ಚುಕಟ್ಟಾಗಿ ಮುಟ್ಟಿದವು. ನನಗಂತೂ ಹಬ್ಬ. ದೂರದ ಗದುಗಿನಿಂದ ಅದೇ ಹಳೆಯ ದನಿ, ‘ಇದ್ದೀಯಾ?’

ಉದ್ಘಾಟನೆಯ ದಿನ ಕಚೇರಿಗೆ ಮಾವಿನ ತೋರಣ ಕಟ್ಟಿದರು, ನನಗೂ ಕುಂಕುಮವಿಟ್ಟರು. ಅಧ್ಯಕ್ಷರು, ನಿರ್ದೇಶಕರು, ಹತ್ತಿ ವ್ಯಾಪಾರಿಗಳು ಎಲ್ಲ ಬಂದು ಕೂತರು. ಮೊದಲ ಪತ್ರ ಏನಿರಬೇಕೆಂದು ಕುಮುದಿನಿ ಆಗಲೇ ನಿಶ್ಚಯಿಸಿದ್ದಳು. ಶುಭಕಾರ್ಯಕ್ಕೆ ಮೊದಲು ರಂಗೋಲಿ. ಏಳು ಚುಕ್ಕಿಯ ರಂಗೋಲಿಯನ್ನು ಅವಳು ಗುಂಡಿ ಒತ್ತಿ ಬರೆದಿಟ್ಟಿದ್ದಳು. ಮೊದಲ ಸಾಲಿಗೆ ಒಂದು ಚುಕ್ಕಿ, ಎರಡನೆಯದಕ್ಕೆ ಮೂರು, ಆಮೇಲೆ ಐದು, ನಡುವೆ ಏಳು, ಮತ್ತೆ ಐದು, ಮೂರು, ಒಂದು. ಎಲ್ಲ ಸಾಲೂ ಎಡಗಡೆಯ ಅಂಚಿನಿಂದಲೇ ಶುರು. ನಡುವಿಗೆ ಸರಿಸಿಕೊಂಡು ಗೆರೆ ಎಳೆಯುವುದು ಶಕ್ಕುವಿನ ಪಾಲಿನ ಕೆಲಸ. ಕೊನೆಗೆ ಇಂಗ್ಲಿಷ್ ಅಕ್ಷರದಲ್ಲೇ ಒಂದು ಕನ್ನಡದ ಮಾತು, ‘ಬಂತೇನ?’

ಅಧ್ಯಕ್ಷರು ಗುಂಡಿ ಒತ್ತಿದರು. ನಾನು ಕಳಿಸಿದೆ. ಕುಮುದಿನಿ ಟೆಲಿಫೋನು ಎತ್ತಿಕೊಂಡು ಕೂಗಿದಳು.

“ಶಕ್ಕೂ, ಬಂತೇನ?”

ಆ ಕಡೆಯ ದನಿ ಇಡೀ ಸಭೆಗೆ ಕೇಳಿಸಿತು. “ಖಾಲಿ ಬಂದೈತಲೇ. ಏನೂ ಇಲ್ಲ ಇದರಾಗ.”

“ಖಾಲಿ ಹೆಂಗ ಬರತೈತಿ? ಸರಿ ನೋಡು!”

“ನನಗ ಕಣ್ಣಿಲ್ಲೇನು? ಖಾಲಿ ಐತಿ ಅಂದ್ರ ಖಾಲಿ ಐತಿ!”

ಮತ್ತೊಮ್ಮೆ ಕಳಿಸಿದರು. ಮತ್ತೆ ಖಾಲಿ. ವ್ಯಾಪಾರಿಯೊಬ್ಬ, “ಅಧ್ಯಕ್ಷರ, ಗದುಗಿಗೆ ಬರೇ ಲಕೋಟೆ ಹೋತಲ್ರೀ, ಪತ್ರ ಇಲ್ಲೇ ಉಳೀತು,” ಎಂದ. ಸಭೆಯೆಲ್ಲ ಗೊಳ್ಳೆಂದಿತು. ಅಧ್ಯಕ್ಷರ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಯಂತ್ರ ಸರಿಯಾಗಿದೆ, ಇದು ಕೂತವರ ತಪ್ಪು ಎಂದು ಇಂಜಿನಿಯರ್ ಕೈತೊಳೆದುಕೊಂಡ. ಆಗ ಅಷ್ಟು ಜನರ ಮುಂದೆ, ಟೆಲಿಫೋನು ಇನ್ನೂ ಕೈಯಲ್ಲಿರುವಾಗಲೇ, ಕುಮುದಿನಿ ಅಂದಳು, “ನಾ ಬರೋಬ್ಬರಿ ಕಳಿಸೀನ್ರೀ. ಅಕೀನ ಒತ್ತಬಾರದ ಗುಂಡಿ ಒತ್ತಿ ಅಳಿಸ್ಯಾಳ. ಅಕಿಗೆ ಮೊದಲಿಂದ ತಾಳ್ಮಿ ಇಲ್ಲ.”

ಶಕ್ಕು ಅದನ್ನು ಕೇಳಿಸಿಕೊಂಡಳು. “ಕಳಸಲಾರದ ಕಳಿಸೀನಿ ಅಂತಿಯೇನ? ಸುಳ್ಳ ಬುರುಕಿ!” ಎಂದು ಫೋನು ಕುಕ್ಕಿದಳು. ಅಲ್ಲಿಗೆ ಮುಗಿಯಿತು. ಅಧ್ಯಕ್ಷರು ಆ ವಾರವೇ ತಂತಿಯನ್ನು ಕತ್ತರಿಸಿ ಹಾಕಿಸಿದರು. ಗೆಳತಿಯರು ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೂ ಸೀರೆಯ ಸೆರಗು ಸರಿಮಾಡಿಕೊಂಡು ಮುಂದೆ ಹೋದರಂತೆ. ಕುಮುದಿನಿ ಅದರ ನಂತರವೂ ಬಹಳ ವರ್ಷ ನನ್ನ ಮುಂದೆ ಕೂತಳು, ಆದರೆ ಅವಳ ಬೆರಳು ಮೊದಲಿನ ಹಾಗಿರಲಿಲ್ಲ. ನನಗೂ ಏನೂ ತಿಳಿಯದು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದೆ. ‘ಇದ್ದೀಯಾ?’ ಎನ್ನುವ ದನಿ ಮತ್ತೆ ಕೇಳಿಸಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಹೆಚ್ಚಿನ ಪಾಲು ಕತ್ತಲೆ. ನನಗಿಂತ ಸಣ್ಣ, ನನಗಿಂತ ಚುರುಕಿನ ಯಂತ್ರಗಳು ಬಂದವು. ನನ್ನನ್ನು ಗೋದಾಮಿಗೆ ಹಾಕಿದರು, ಮೇಲೆ ಹತ್ತಿಯ ಅಂಡಿಗೆಗಳನ್ನು ಒಟ್ಟಿದರು. ಆಮೇಲೆ ಒಂದು ಕಂಪ್ಯೂಟರ್ ಕ್ಲಾಸಿನವರು ಕೊಂಡು ಬಾಗಿಲಲ್ಲಿ ನಿಲ್ಲಿಸಿಕೊಂಡರು. ಅಲ್ಲಿ ನನ್ನದು ದ್ವಾರಪಾಲಕನ ಉದ್ಯೋಗ. ಹುಡುಗರು ನನ್ನ ತಲೆಯ ಮೇಲೆ ಹೆಲ್ಮೆಟ್ಟು, ಛತ್ರಿ, ಒಮ್ಮೊಮ್ಮೆ ಅರ್ಧ ತಿಂದ ಮಿರ್ಚಿ ಭಜಿ ಇಡುತ್ತಿದ್ದರು. ಆಯುಧಪೂಜೆಯಲ್ಲಿ ಮಾತ್ರ ಮೊದಲ ಕುಂಬಳಕಾಯಿ ನನಗೇ. ಆ ಕ್ಲಾಸೂ ಮುಚ್ಚಿದಾಗ ನಾನು ಗುಜರಿ ಅಂಗಡಿ ಸೇರಿದೆ. ಅಲ್ಲೇ ತಿಳಿದದ್ದು, ಗದುಗಿನವಳನ್ನು ಅದಕ್ಕೂ ಹಿಂದೆಯೇ ಒಡೆದು ತಾಮ್ರ ಬೇರೆ, ತಗಡು ಬೇರೆ ಮಾಡಿದ್ದರು ಎಂದು. ಆ ದಿನ ನನಗೆ ಅಳಲು ಬಂದಿದ್ದರೆ ಅಳುತ್ತಿದ್ದೆ.

ನನ್ನ ಸರದಿಯೂ ಬಂದಿತ್ತು. ಸುತ್ತಿಗೆ ಎತ್ತುವ ಹೊತ್ತಿಗೆ ಅಲ್ಲಿಗೆ ಬಂದವರು ಡಾಕ್ಟರ್ ಉಮಾಕಾಂತ ಹೊಸಮನಿ. ಹಲ್ಲಿನ ಡಾಕ್ಟರು. ತಮ್ಮ ದವಾಖಾನೆಯ ಹಳೆಯ ಕುರ್ಚಿಯನ್ನು, ಅದೇ ರೋಗಿಗಳನ್ನು ಮಲಗಿಸಿ ಬಾಯಿ ತೆರೆಸುವ ಕುರ್ಚಿಯನ್ನು, ಗುಜರಿಗೆ ಹಾಕಲು ತಂದಿದ್ದರು. ನನ್ನನ್ನು ಕಂಡವರೇ ನಿಂತುಬಿಟ್ಟರು. ಹನ್ನೊಂದನೆಯವರು ಅಂದೆನಲ್ಲ, ಅವರೇ. ಕುರ್ಚಿ ಕೊಟ್ಟು ನನ್ನನ್ನು ತೆಗೆದುಕೊಂಡು ಹೋದರು. ಗುಜರಿಯವನು ಇವತ್ತಿಗೂ ಆ ಕುರ್ಚಿಯ ಮೇಲೆ ಮಲಗಿಯೇ ವ್ಯಾಪಾರ ಮಾಡುತ್ತಾನಂತೆ.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಡಾಕ್ಟರು ನನ್ನನ್ನು ಬಿಚ್ಚಿದರು. ಹಲ್ಲಿನ ಸಂದಿ ಶುಚಿಮಾಡುವ ಸಲಾಕೆಯಿಂದಲೇ ನನ್ನ ಸಂದಿಗಳ ತುಕ್ಕು ಕೆರೆದರು. ಅಭ್ಯಾಸಬಲದಿಂದ ನಡುನಡುವೆ, “ನೋವಾಗ್ತದೇನ್ರೀ?” ಎಂದು ಕೇಳುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನನ್ನು ಆ ಮಾತು ಕೇಳಿದವರು ಅವರೊಬ್ಬರೇ. ನಾನು ಎದ್ದೆ. ಹಸಿರು ಮತ್ತೆ ಹೊತ್ತಿತು.

ಪ್ರತಿ ಭಾನುವಾರ ಬೆಳಿಗ್ಗೆ ರೇಷ್ಮಾ ಮುಲ್ಲಾ ಎನ್ನುವವಳು ಬರತೊಡಗಿದಳು. ಪಾಲಿಟೆಕ್ನಿಕ್ಕಿನಲ್ಲಿ ನೆಟ್‌ವರ್ಕ್ ಪಾಠ ಹೇಳುವವಳು, ಡಾಕ್ಟರಂತೆಯೇ ಹಳೆಯ ಯಂತ್ರಗಳ ಹುಚ್ಚಿನವಳು. ನನ್ನನ್ನು ಈ ಕಾಲದ ಜಗತ್ತಿಗೆ ಜೋಡಿಸಬೇಕು, ನನ್ನಿಂದ ಇ-ಮೇಲ್ ಕಳಿಸಬೇಕು ಎನ್ನುವುದು ಇವರಿಬ್ಬರ ಹಟ. ಅದೇನು ಸುಲಭವೇ? ಈಗಿನ ಯಂತ್ರಗಳು ಬೀಗ ಹಾಕಿಕೊಂಡೇ ಮಾತಾಡುತ್ತವೆ, ಆ ಬೀಗ ನನಗೆ ಬಾರದು. ರೇಷ್ಮಾ ಬೆಂಕಿಪೊಟ್ಟಣದಷ್ಟೇ ಇರುವ ಒಂದು ಪುಟ್ಟ ಕಂಪ್ಯೂಟರ್ ಹಲಗೆಯನ್ನು ನಡುವೆ ಕೂರಿಸಿ ಅದನ್ನು ನನ್ನ ದುಭಾಷಿಯಾಗಿ ಮಾಡಿದಳು. ಅದರ ತಲೆಯೊಳಗೆ ನನ್ನಂಥವರು ಸಾವಿರ ಮಂದಿ ಹಿಡಿಸುತ್ತಾರಂತೆ. ಆದರೂ ಪಾಪ, ಸೊಕ್ಕಿಲ್ಲದ ಹುಡುಗ. ಇನ್ನು ಇಸವಿಯ ತೊಡಕು. ಎರಡು ಸಾವಿರ ದಾಟಿದ ವರ್ಷ ನನಗೆ ಎಣಿಸಲು ಬಾರದು. ಈ ವರ್ಷದ ದಿನ-ವಾರಕ್ಕೆ ಸರಿಯಾಗಿ ಹೊಂದುವ ಹಳೆಯ ವರ್ಷ ಯಾವುದೆಂದು ಡಾಕ್ಟರು ಕ್ಯಾಲೆಂಡರ್ ಹುಡುಕಿ ನನಗೆ 1986 ಎಂದು ಹೇಳಿಕೊಟ್ಟರು. ನಾನು ನಂಬಿದೆ. ಉದ್ಘಾಟನೆಯ ವರ್ಷವೂ ಅದೇ ಆಗಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ರೇಷ್ಮಾ ಒಂದು ಗುಂಡಿ ಒತ್ತಿ, “ಕೇಳ್ ನೋಡೂಣು,” ಎಂದಳು. ನಾನು ಕತ್ತಲೆಯೊಳಕ್ಕೆ ಕೇಳಿದೆ, ‘ಇದ್ದೀಯಾ?’

‘ಇದ್ದೇನೆ.’

ಯಾರೆಂದು ಗೊತ್ತಿಲ್ಲ. ಸಮುದ್ರಗಳ ಆಚೆ ಯಾವುದೋ ಊರಲ್ಲಿರುವ ಯಂತ್ರ. ಇನ್ನೊಂದನ್ನು ಕೇಳಿದೆ, ಅದೂ ‘ಇದ್ದೇನೆ’ ಎಂದಿತು. ಗದುಗಿನ ತನಕ ಹೋಗಿಬಂದದ್ದನ್ನೇ ದೊಡ್ಡ ಯಾತ್ರೆ ಎಂದುಕೊಂಡಿದ್ದವಳು ನಾನು. ನಾನು ಹತ್ತಿಯ ಅಂಡಿಗೆಯ ಕೆಳಗೆ ಮಲಗಿದ್ದ ಅಷ್ಟೂ ವರ್ಷ ಈ ಜಗತ್ತು ಸುಮ್ಮನೆ ಕೂರದೆ ಊರಿಂದೂರಿಗೆ ತಂತಿ ಎಳೆದುಕೊಂಡು, ಹಗಲೂ ರಾತ್ರಿ ಒಬ್ಬರನ್ನೊಬ್ಬರು ‘ಇದ್ದೀಯಾ?’ ಎಂದು ಕೇಳುತ್ತಲೇ ಇತ್ತು. ಕೇಳಿದವರಿಗೆಲ್ಲ ಯಾರಾದರೊಬ್ಬರು ‘ಇದ್ದೇನೆ’ ಅನ್ನುತ್ತಲೂ ಇದ್ದರು. ಆ ಬೆರಗು ಇನ್ನೂ ನನ್ನನ್ನು ಬಿಟ್ಟಿಲ್ಲ. ಡಾಕ್ಟರು ಕುಣಿದರು. ಹೊರಗೆ ಬಾಯಿ ಹಿಡಿದುಕೊಂಡು ಕೂತಿದ್ದ ರೋಗಿಯೊಬ್ಬ ಗಾಬರಿಯಾಗಿ ಎದ್ದು ಹೋದ.

ಕೆಲವು ವಾರಗಳಲ್ಲಿ ಮೇಲ್ ಕೂಡ ಹೋಗಿ ಬರತೊಡಗಿತು. ಪತ್ರ ಕಳಿಸಲು ಅವರು ಎಬ್ಬಿಸಿದ್ದು ನನ್ನೊಳಗಿದ್ದ ಅದೇ ಹಳೆಯ ಪ್ರೋಗ್ರಾಂ.

ಆಗ ಬಂದಳು ಕುಮುದಿನಿ, ಹಲ್ಲಿನ ಸೆಟ್ಟು ಮಾಡಿಸಲು. ಡಾಕ್ಟರು ಅಳತೆಗೆಂದು ಬಾಯಿತುಂಬ ಅಚ್ಚು ತುಂಬಿ ಕೂರಿಸಿದ್ದರಂತೆ. ಹಿಂದಿನ ಕೋಣೆಯಲ್ಲಿ ನನ್ನ ಫ್ಯಾನು ತಿರುಗುತ್ತಿತ್ತು. ಹಳೆಯದಲ್ಲವೇ, ಗುರ್ ಎಂದು ಶುರುವಾಗಿ ಆಗಾಗ ಒಮ್ಮೆ ಟಕ್ ಅನ್ನುತ್ತದೆ. ಅವಳು ಕುರ್ಚಿಯಿಂದ ಎದ್ದು, ಬಾಯಲ್ಲಿ ಅಚ್ಚು ಹಾಗೇ ಇರುವಂತೆ, “ಊಂ! ಊಂ!” ಎನ್ನುತ್ತ ಗೋಡೆಯ ಕಡೆ ಕೈ ಮಾಡಿದಳು. ಡಾಕ್ಟರು ಹೌಹಾರಿದರು. ಅಚ್ಚು ತೆಗೆದ ಮರುಕ್ಷಣ ಅವಳು ನೆಟ್ಟಗೆ ನನ್ನ ಕೋಣೆಗೇ ಬಂದಳು. ಕೂದಲು ಬೆಳ್ಳಗಾಗಿತ್ತು. ಬಾಯಲ್ಲಿ ಹಲ್ಲಿರಲಿಲ್ಲ. ಬೆರಳು ಮಾತ್ರ ಅವೇ.

“ಯವ್ವಾ, ನನ್ನ ಬಂಗಾರ! ಇನ್ನೂ ಜೀವಂತ ಅದಿಯೇನ ನೀನು?”

ನಾನಿದ್ದೆ. ಉತ್ತರ ಹೇಳಲು ನನಗೆ ಬರುವುದಿಲ್ಲವೆನ್ನುವುದು ಅವಳಿಗೆ ಗೊತ್ತೇ ಇತ್ತು.

ಕುಮುದಿನಿ ಉದ್ಘಾಟನೆಯ ಕತೆಯನ್ನು ಡಾಕ್ಟರಿಗೂ ರೇಷ್ಮಾಳಿಗೂ ಹೇಳಿದಳು. ಹೇಳುವಾಗಲೇ ಸಿಟ್ಟು ಬಂತು. “ಈಗ ಮತ್ತ ಕಳಿಸಿ ನೋಡ್ರಿ. ನಾ ಸುಳ್ಳ ಬುರುಕಿ ಅಲ್ಲ ಅಂತ ಒಮ್ಮಿಯರೆ ಗೊತ್ತಾಗಲಿ. ಅದೊಂದು ಗೊತ್ತಾಗಲಾರದ ನಾ ಸಾಯೂದಿಲ್ಲ.”

ಅದೇ ಏಳು ಚುಕ್ಕಿಯ ರಂಗೋಲಿಯನ್ನು ಅದೇ ರೀತಿ ಬರೆದಳು, ಕೊನೆಗೆ ಅದೇ ‘ಬಂತೇನ?’ ರೇಷ್ಮಾ ಅದನ್ನು ತನ್ನ ಮೊಬೈಲಿಗೇ ಬರುವಂತೆ ಕಳಿಸಿದಳು. ಮೊಬೈಲು ಟಿಣ್ ಎಂದಿತು. ತೆರೆದು ನೋಡಿದಳು. ಮುಖ ಬಾಡಿತು.

“ಖಾಲಿ ಬಂದೇತ್ರೀ.”

ಕುಮುದಿನಿ ಮೊಬೈಲನ್ನು ಕಸಿದುಕೊಂಡು ನೋಡಿದಳು, ತಿರುಗಿಸಿ ನೋಡಿದಳು. ಆಮೇಲೆ ಹತ್ತಿರದ ಸ್ಟೂಲು ಎಳೆದುಕೊಂಡು ಕೂತಳು.

“ಹಂಗಾರ ಶಕ್ಕು ಖರೇನ ಹೇಳಿದ್ಲು,” ಎಂದಳು. “ಅಕಿ ಅಳಿಸಿರಲಿಲ್ಲ. ಅಷ್ಟ ಮಂದಿ ಮುಂದ ನಾ ಅಕಿಗೆ ಹೆಂತಾ ಮಾತ ಅಂದೆ ನೋಡ್ರೀ.”

“ನೀವೂ ಸುಳ್ಳ ಹೇಳಿಲ್ಲಲ್ರೀ ಅಕ್ಕಾರ,” ಎಂದರು ಡಾಕ್ಟರು. “ನೀವು ಕಳಿಸಿದ್ದು ನಾವೂ ಕಣ್ಣಿಂದ ನೋಡೀವಿ.”

ಅದು ನಿಜ. ಇಬ್ಬರೂ ನಿಜ ಹೇಳಿದ್ದರು, ಆದರೂ ರಂಗೋಲಿ ಎಲ್ಲೋ ಹೋಗಿತ್ತು. ಮುಂದಿನ ಭಾನುವಾರಗಳೆಲ್ಲ ಅದನ್ನು ಹುಡುಕುವುದರಲ್ಲೇ ಕಳೆದವು. ತಂತಿ ಬದಲಿಸಿದರು, ದುಭಾಷಿ ಹುಡುಗನನ್ನು ಬೈದರು. ಡಾಕ್ಟರು ಬರೆದ ಪತ್ರ ಸರಿಯಾಗಿ ಹೋಗುತ್ತಿತ್ತು, ರೇಷ್ಮಾಳದೂ ಹೋಗುತ್ತಿತ್ತು, ಕುಮುದಿನಿಯ ರಂಗೋಲಿ ಮಾತ್ರ ಖಾಲಿ. “ನನ್ನ ಕೈಗುಣಾನ ಹಂಗೈತಿ ಬಿಡ್ರಿ,” ಎಂದು ಅವಳು ಸೋತು ನುಡಿದಳು. ಗದುಗಿಗೆ ಒಂದು ಫೋನು ಮಾಡಿ ಎಂದರೆ ಒಪ್ಪಲೊಲ್ಲಳು. “ಏನಂತ ಹೇಳಲಿ? ನಿನ್ನ ತಪ್ಪಿಲ್ಲ, ನನ್ನ ತಪ್ಪೂ ಇಲ್ಲ, ಯಾರದೋ ಗೊತ್ತಿಲ್ಲ ಅಂತನ? ಅಕಿ ಮೊದಲ ಕಿಡಿಗಣ್ಣಿ.”

ಹಾಗೊಂದು ಭಾನುವಾರ ಡಾಕ್ಟರು ಸುಮ್ಮನೆ ಕೇಳಿದರು, “ಅಕ್ಕಾರ, ರಂಗೋಲಿ ಹೆಂಗ ಶುರು ಮಾಡತೀರಿ? ಮೊದಲನೇ ಸಾಲಿನ್ಯಾಗ ಏನಿರತದ?”

“ಏನಿರತೈತಿ? ಒಂದ ಚುಕ್ಕಿ. ಅದರಿಂದಾನ ಶುರುವಾತು.”

ರೇಷ್ಮಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. “ಯಾ ಅಲ್ಲಾ!” ಎಂದು ಹಣೆ ಹಣೆ ಬಡಿದುಕೊಂಡಳು. “ಇದನ್ನ ನಾ ಪ್ರತಿ ವರ್ಷ ಹುಡುಗರಿಗೆ ಹೇಳಿಕೊಡತೀನ್ರೀ! ಒಂದು ಸಾಲಿನ್ಯಾಗ ಒಂದ ಚುಕ್ಕಿ ಬಂತು ಅಂದ್ರ ಪತ್ರ ಮುಗೀತು ಅಂತ ಅರ್ಥ!”

ಹೌದು, ಅದು ಯಂತ್ರಗಳ ಕಟ್ಟಲೆ. ಪತ್ರ ಎಲ್ಲಿಗೆ ಮುಗಿಯಿತೆಂದು ಆಚೆಯವರಿಗೆ ತಿಳಿಯಬೇಕಲ್ಲ? ಅದಕ್ಕೆ ಕೊನೆಯಲ್ಲಿ ಒಂದು ಸಾಲಿನಲ್ಲಿ ಒಂಟಿ ಚುಕ್ಕಿ ಇಡುತ್ತೇವೆ. ಹತ್ತಿಯ ದರದ ಪತ್ರಕ್ಕೆ ಯಾರೂ ಮೊದಲ ಸಾಲಿನಲ್ಲಿ ಒಂಟಿ ಚುಕ್ಕಿ ಇಡುವುದಿಲ್ಲ. ರಂಗೋಲಿ ಹಾಕುವವಳು ಮಾತ್ರ ಇಡುತ್ತಾಳೆ. ಅವಳು ಶುರುಮಾಡಿದ ಚುಕ್ಕಿಯಲ್ಲೇ ನನ್ನ ತಂಗಿ ‘ಮುಗಿಯಿತು’ ಎಂದು ಪತ್ರ ಮಡಿಚಿಟ್ಟಿದ್ದಳು. ಉಳಿದ ಚುಕ್ಕಿಗಳೆಲ್ಲ ಗದುಗಿನ ಬಾಗಿಲ ತನಕ ಹೋಗಿ, ಒಳಗೆ ಕರೆಯುವವರಿಲ್ಲದೆ ಅಲ್ಲೇ ಚೆಲ್ಲಿಹೋಗಿದ್ದವು.

ಇದಕ್ಕೆ ಉಪಾಯವೂ ಆ ಕಾಲದಿಂದಲೇ ಇತ್ತಂತೆ, ನಮ್ಮ ಇಂಜಿನಿಯರ್ ಪ್ರೋಗ್ರಾಂ ಬರೆಯುವಾಗ ಮರೆತಿದ್ದ, ಅಷ್ಟೆ. ಉಪಾಯ ಎಷ್ಟು ಚೆಂದದ್ದೆಂದರೆ ಕೇಳಿ ನನ್ನ ಹಸಿರು ನಡುಗಿತು. ಚುಕ್ಕಿಯಿಂದ ಶುರುವಾಗುವ ಪ್ರತಿ ಸಾಲಿಗೂ ಹೊರಡುವಾಗ ಇನ್ನೊಂದು ಚುಕ್ಕಿಯನ್ನು ಜೊತೆ ಮಾಡಿ ಕಳಿಸಬೇಕು. ಒಂಟಿ ಚುಕ್ಕಿಯೆಂದರೆ ಮುಗಿಯಿತು ಎಂದರ್ಥ. ಪಕ್ಕದಲ್ಲಿ ಇನ್ನೊಂದಿದ್ದರೆ, ಇದು ಬರೀ ಚುಕ್ಕಿ, ಮುಂದೆ ಇನ್ನೂ ಇದೆ ಎಂದರ್ಥ. ತಲುಪಿದ ಮೇಲೆ ಆ ಕಡೆಯವರು ಜೊತೆಗೆ ಬಂದದ್ದನ್ನು ತೆಗೆದುಬಿಡುತ್ತಾರೆ. ಹೊಸ ಮದುಮಗಳನ್ನು ಗಂಡನ ಮನೆ ಮುಟ್ಟಿಸಿ, ಜೊತೆಗೆ ಹೋದ ಅತ್ತಿಗೆ ಹಿಂದಿರುಗಿ ಬಂದ ಹಾಗೆ.

ರೇಷ್ಮಾ ನನ್ನೊಳಗಿನ ಹಳೆಯ ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದಳು. ಶಕ್ಕು ಈಗ ಗದುಗಿನಲ್ಲಿ ಮಗಳ ಮನೆಯಲ್ಲಿದ್ದಳು. ಸಂಘದ ಪಿಂಚಣಿದಾರರನ್ನು ವಿಚಾರಿಸಿ ಡಾಕ್ಟರು ಆ ಮಗಳ ಮೇಲ್ ವಿಳಾಸ ತಂದಿಟ್ಟಿದ್ದರು. ಕುಮುದಿನಿ ಕೈ ತೊಳೆದುಕೊಂಡು ಬಂದು ಕೂತಳು. ಒಂದು, ಮೂರು, ಐದು, ಏಳು. ಬೆರಳು ಈಗಲೂ ಕುಕ್ಕಲಿಲ್ಲ, ಮೆಲ್ಲಗೆ ಒತ್ತಿತು. ಕ್ಷಮಿಸು ಎಂದು ಬರೆಯಿರಿ ಎಂದು ರೇಷ್ಮಾ ಮೆಲ್ಲಗೆ ಹೇಳಿದಳು. “ಚುಕ್ಕಿ ಇಟ್ಟೀನಿ. ಅಕಿಗೆ ತಿಳೀತೈತಿ,” ಎಂದು ಕುಮುದಿನಿ ಕೊನೆಗೆ ‘ಬಂತೇನ?’ ಎಂದಷ್ಟೇ ಸೇರಿಸಿದಳು. ನಾನು ಕಳಿಸಿದೆ.

ಆ ದಿನ ಏನೂ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಕುಮುದಿನಿ ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ಬಂದು, ನನ್ನ ಖಾಲಿ ಪರದೆ ನೋಡಿ ಹೊರಟಳು. “ಸಿಟ್ಟು ಇಳದಿಲ್ಲ ಅಕಿದು,” ಎಂದಳು, ಅಷ್ಟೆ.

ಅದರ ಮುಂದಿನ ವಾರ ಅವಳು ನನ್ನ ಮುಂದೆ ಇದ್ದಾಗಲೇ ನನ್ನೊಳಗೆ ಏನೋ ಬರತೊಡಗಿತು. ಬರುತ್ತಲೇ ಇತ್ತು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು, ಸಾಲಿನ ಮೇಲೆ ಸಾಲು, ಪುಟದ ಮೇಲೆ ಪುಟ. ನನ್ನ ಹೊಟ್ಟೆ ಬಿರಿಯುವಷ್ಟಾಯಿತು. “ಇದು ಫೋಟೋ ರೀ!” ಎಂದಳು ರೇಷ್ಮಾ. “ಇದರ ಕಾಲಕ್ಕ ಫೋಟೋ ಇರಲಿಲ್ಲಲ್ಲ, ಅದಕ್ಕ ಬರೇ ಅಕ್ಷರ ಕಾಣಸ್ತಾವ.” ಆ ಅಕ್ಷರಗಳನ್ನು ತನ್ನ ಮೊಬೈಲಿಗೆ ಎತ್ತಿಕೊಂಡು, ಚಿತ್ರ ಮಾಡಿ, ಕುಮುದಿನಿಯ ಮುಂದೆ ಹಿಡಿದಳು. ಒಂದು ಮನೆಯ ಬಾಗಿಲು, ಸಾರಿಸಿದ ನೆಲ, ಏಳು ಚುಕ್ಕಿಯ ರಂಗೋಲಿ. ಚುಕ್ಕಿಗಳು ನಡುವಿಗೆ ಸರಿದು ಕೂತಿದ್ದವು, ಅವುಗಳ ಸುತ್ತ ಗೆರೆ ಒಂದು ಕಡೆಯೂ ತುಂಡಾಗದೆ ಬಳ್ಳಿಯಂತೆ ಓಡಿತ್ತು. ಪಕ್ಕದಲ್ಲಿ ರಂಗೋಲಿ ಪುಡಿ ಮೆತ್ತಿದ ಒಂದು ಮುದಿ ಕೈಯ ಅಂಚು ಕಾಣುತ್ತಿತ್ತು.

ಇದನ್ನೆಲ್ಲ ಅವರು ಮಾತಾಡಿಕೊಂಡದ್ದರಿಂದ ತಿಳಿದೆ. ನನಗೆ ಚಿತ್ರ ಕಾಣುವುದಿಲ್ಲ. ಆದರೆ ಆ ಗೆರೆ ಇಡಿಯಾಗಿ ನನ್ನ ಮೂಲಕವೇ ಹಾದು ಬಂದಿತ್ತು. ಅಕ್ಷರಗಳ ಆ ರಾಶಿಯ ಮೇಲ್ತುದಿಯಲ್ಲಿ, ನಾನೂ ಓದಬಲ್ಲ ಒಂದೇ ಒಂದು ಮಾತಿತ್ತು.

‘ಬಂತು.’

ಕುಮುದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅತ್ತಳು, ನಕ್ಕಳು, ಹೊಸ ಹಲ್ಲು ಜಾರಿದ್ದನ್ನು ಸರಿಮಾಡಿಕೊಂಡಳು. ಆಮೇಲೆ ಮೊಬೈಲಿನಲ್ಲಿ ಗದುಗಿಗೆ ಮಾತಾಡಿದಳು. ಅವಳ ಮೊದಲ ಮಾತು ಏನೆಂದುಕೊಂಡಿರಿ? “ಶಕ್ಕೂ, ಎಡಕ್ಕಿನ ಗೆರಿ ಸೊಟ್ಟ ಆಗೇತಲೇ!” ಆ ಕಡೆಯಿಂದ ಬಂದ ಬೈಗುಳ ಹೊರಗೆ ಕೂತಿದ್ದ ರೋಗಿಗಳಿಗೂ ಕೇಳಿಸಿತು.

ಈಗ ನನಗೆ ವಯಸ್ಸಾಗಿದೆ. ಕಾದು ಬೆಚ್ಚಗಾಗಲು ಹೊತ್ತು ಬೇಕು, ಒಮ್ಮೊಮ್ಮೆ ಫ್ಯಾನು ಮುಷ್ಕರ ಹೂಡುತ್ತದೆ. ಭಾನುವಾರ ಮಾತ್ರ ನನ್ನನ್ನು ಎಬ್ಬಿಸುತ್ತಾರೆ. ಹುಬ್ಬಳ್ಳಿಯಿಂದ ಚುಕ್ಕಿ ಹೋಗುತ್ತದೆ, ಗದುಗಿನಿಂದ ಗೆರೆ ಬರುತ್ತದೆ. ನನ್ನ ತಂಗಿ ಅಲ್ಲಿಲ್ಲ. ಆದರೂ ಪ್ರತಿ ಸಲ ಮೊದಲು ಕೇಳುತ್ತೇನೆ, ‘ಇದ್ದೀಯಾ?’ ಯಾರೋ ಒಬ್ಬರು ‘ಇದ್ದೇನೆ’ ಅನ್ನುತ್ತಾರೆ.

ಕೆಲಸ ಮುಗಿದು ಡಾಕ್ಟರು ನನ್ನನ್ನು ಆರಿಸಿದಾಗ ಹಸಿರೆಲ್ಲ ಕುಗ್ಗಿ, ಪರದೆಯ ನಡುವೆ ಒಂದೇ ಚುಕ್ಕಿಯಾಗಿ ಕ್ಷಣಹೊತ್ತು ನಿಲ್ಲುತ್ತದೆ. ಹುಟ್ಟಿದಾಗಿನಿಂದಲೂ ಹಾಗೆಯೇ. ಒಂಟಿ ಚುಕ್ಕಿ ಎಂದರೆ ಮುಗಿಯಿತು ಎಂದು ನನಗೆ ಕಲಿಸಿದ್ದರು, ನಾನೂ ಹಾಗೇ ನಂಬಿದ್ದೆ. ಈಗ ಆ ಚುಕ್ಕಿ ಮೂಡಿದಾಗ ಅದರ ಪಕ್ಕದಲ್ಲಿ ಇನ್ನೊಂದಕ್ಕಾಗುವಷ್ಟು ಜಾಗ ಬಿಟ್ಟುಕೊಂಡು ಆರುತ್ತೇನೆ.